ಪಾರ್ಕಿನ ಬೋರ್ಡು

ಅಕ್ಷರ ಕಂಡಲ್ಲಿ ಕಣ್ಣು ನಿಲ್ಲುವುದು ನನ್ನ ಕಸುಬಿನಿಂದ ಅಂಟಿದ ಚಾಳಿ. ವರುಷಗಟ್ಟಲೆ ಹುಡುಗರ ಉತ್ತರ ಪತ್ರಿಕೆಗಳನ್ನು ತಿದ್ದಿದವನಿಗೆ ಅಂಗಡಿಯ ಹೆಸರು, ಲಾರಿಯ ಬೆನ್ನಿನ ಬರಹ, ಗೋಡೆಯ ಮೇಲಿನ ಜಾಹೀರಾತು ಎಲ್ಲವೂ ಒಂದು ಬಗೆಯ ಉತ್ತರ ಪತ್ರಿಕೆಯೇ. ಕೈಯಲ್ಲಿ ಕೆಂಪು ಶಾಯಿಯ ಪೆನ್ನಿಲ್ಲದಿದ್ದರೂ ಮನಸ್ಸು ಗೀಟು ಎಳೆಯುತ್ತಲೇ ಇರುತ್ತದೆ. ಹೀಗೆ ನಾನು ಓದಿದ ಬರಹಗಳಲ್ಲಿ ಅತಿ ಹೆಚ್ಚು ಸಲ ಓದಿದ್ದು ಯಾವುದೆಂದು ಯಾರಾದರೂ ಕೇಳಿದರೆ, ಪಂಪಭಾರತವೆಂದೋ ಕುಮಾರವ್ಯಾಸನೆಂದೋ ಹೇಳುವ ಆಸೆ ನನಗೂ ಉಂಟು. ಆದರೆ ನಿಜವಾಗಿ ಅದು ನಮ್ಮ ಬಡಾವಣೆಯ ಪಾರ್ಕಿನ ಬೋರ್ಡು.

ಚಾಮರಾಜಪುರಂ ರೈಲು ನಿಲ್ದಾಣದಿಂದ ನಮ್ಮ ಮನೆಯ ಕಡೆಗೆ ಬರುವ ದಾರಿಯಲ್ಲಿ ಆ ಪಾರ್ಕಿದೆ. ಪಾರ್ಕೆಂದ ಕೂಡಲೆ ಅರಮನೆಯ ಪಕ್ಕದ ಕರ್ಜನ್ ಪಾರ್ಕಿನಂಥದನ್ನು ಊಹಿಸಿಕೊಳ್ಳಬೇಡಿ. ನಾಲ್ಕು ಹೊಂಗೆಮರ, ಒಂದು ಆಕಾಶಮಲ್ಲಿಗೆ, ಅಂಚಿಗೆ ದಾಸವಾಳ, ಆರು ಸಿಮೆಂಟು ಬೆಂಚು, ಸುತ್ತಲೂ ಕಲ್ಲು ಹಾಸಿದ ಕಾಲುದಾರಿ. ನಿಧಾನವಾಗಿ ನಡೆದರೂ ಒಂದು ಸುತ್ತಿಗೆ ಮೂರು ನಿಮಿಷ ಸಾಕು. ಇಷ್ಟು ಜಾಗಕ್ಕೆ ಹನ್ನೊಂದು ನಿಯಮಗಳ ಬೋರ್ಡು! ಗಿಡಗಳನ್ನು ಎಣಿಸಿದರೂ ನಿಯಮಗಳಷ್ಟು ಆಗುತ್ತವೋ ಇಲ್ಲವೋ.

ಪಾರ್ಕಿನ ವೇಳೆ ಬೆಳಿಗ್ಗೆ ೫ರಿಂದ ೧೦, ಸಂಜೆ ೪ರಿಂದ ೮. ಹೂವು ಕೀಳಬಾರದು. ಹುಲ್ಲಿನ ಮೇಲೆ ನಡೆಯಬಾರದು. ಚೆಂಡಾಟ, ಸಾಕುಪ್ರಾಣಿ, ತಿಂಡಿ ತಿನಿಸು, ವ್ಯಾಪಾರ, ಇವುಗಳನ್ನು ನಿಷೇಧಿಸಲಾಗಿದೆ. ಬೆಂಚಿನ ಮೇಲೆ ಹಾಗೂ ನೆಲದ ಮೇಲೆ ಮಲಗುವುದನ್ನು ನಿಷೇಧಿಸಲಾಗಿದೆ. ಪೂರ್ವಾನುಮತಿ ಇಲ್ಲದೆ ಸಭೆ ಸಮಾರಂಭ ನಡೆಸುವುದನ್ನು ನಿಷೇಧಿಸಲಾಗಿದೆ. ಇವುಗಳ ನಡುವೆ, ವಾಯುಸೇವನೆಗೆ ಬಂದವರು ಪ್ರದಕ್ಷಿಣಾಕಾರವಾಗಿಯೇ ನಡೆಯತಕ್ಕದ್ದು ಎಂಬುದೂ ಒಂದು. ಗಣಪತಿಯಿಲ್ಲದ ಈ ಪ್ರದಕ್ಷಿಣೆಯನ್ನು ನಮ್ಮ ಬೀದಿಯ ಹಿರಿಯರು ದೇವಸ್ಥಾನದಲ್ಲಿ ಮಾಡುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡುತ್ತಾರೆ. ಯಾರಾದರೂ ಹೊಸಬರು ಎದುರು ದಿಕ್ಕಿನಲ್ಲಿ ಬಂದರೆ ಅಪಚಾರವಾದಂತೆ ನಿಂತುಬಿಡುತ್ತಾರೆ.

ಕನ್ನಡದ ಮೇಷ್ಟರಿಗೆ ಈ ಬೋರ್ಡಿನಲ್ಲಿ ಒಂದು ಪಾಠಕ್ಕಾಗುವಷ್ಟು ಸಾಮಗ್ರಿ ಇದೆ. “ಹೂವು ಕೀಳಬಾರದು” ಎಂಬುದು ಅಚ್ಚ ಕನ್ನಡ. ನಮ್ಮಜ್ಜಿಯೂ ಹೀಗೆಯೇ ಹೇಳುತ್ತಿದ್ದಳು. ಸಂಜೆ ಹೊತ್ತು ಗಿಡ ಮುಟ್ಟಬಾರದಪ್ಪ, ಅದು ಮಲಗಿರುತ್ತೆ, ಎಂದು. ಬಾರದು ಎನ್ನುವ ಮಾತಿನ ಹಿಂದೆ ಹೇಳುವವರೊಬ್ಬರು ಇರುತ್ತಾರೆ, ಕಾರಣವೊಂದಿರುತ್ತದೆ, ಯಾಕೆ ಎಂದು ಕೇಳಲು ಅವಕಾಶವೂ ಇರುತ್ತದೆ. “ನಿಷೇಧಿಸಲಾಗಿದೆ” ಎಂಬುದರ ಗತಿ ಬೇರೆ. ನಿಷೇಧಿಸಿದವರು ಯಾರು? ಕರ್ಮಣಿ ಪ್ರಯೋಗವು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗಿದ್ದಲ್ಲ. ಮನೆಯಲ್ಲಿ ಯಾರೂ “ನನ್ನಿಂದ ಅನ್ನವು ಉಣ್ಣಲ್ಪಟ್ಟಿತು” ಎನ್ನುವುದಿಲ್ಲವಷ್ಟೆ. ತರಗತಿಯಲ್ಲಿ ನಾವು “ರಾಮನಿಂದ ರಾವಣನು ಕೊಲ್ಲಲ್ಪಟ್ಟನು” ಎಂದು ಉದಾಹರಣೆ ಕೊಡುವಾಗ ರಾಮನಾದರೂ ಉಳಿದಿರುತ್ತಾನೆ. “ಇಂದ” ಎಂಬ ಪ್ರತ್ಯಯವನ್ನು ಹಿಡಿದುಕೊಂಡು ಹೋದರೆ ಕೊಂದವನು ಸಿಕ್ಕಿಯೇ ಸಿಗುತ್ತಾನೆ. ಸರ್ಕಾರಿ ಕನ್ನಡವು ಆ ಪ್ರತ್ಯಯವನ್ನೂ ಅಳಿಸಿಬಿಟ್ಟಿದೆ. ಹೀಗಾಗಿ ನಮ್ಮ ಪಾರ್ಕಿನಲ್ಲಿ ಕರ್ಮವಿದೆ, ಕ್ರಿಯೆಯಿದೆ, ಕರ್ತೃ ಮಾತ್ರ ಎಲ್ಲಿಯೂ ಇಲ್ಲ.

ಇಷ್ಟು ಹೇಳಿದೆನೆಂದು ನನ್ನನ್ನು ನಿಯಮದ್ವೇಷಿಗಳ ಪಂಗಡಕ್ಕೆ ಸೇರಿಸಬೇಡಿ. ನಿಯಮವಿಲ್ಲದಿದ್ದರೆ ಪಾರ್ಕೇ ಇರುತ್ತಿರಲಿಲ್ಲ. ಮೈಸೂರಿಗೆ ಪ್ಲೇಗು ಬಂದು ಜನರನ್ನು ನಡುಗಿಸಿದ ಮೇಲೆ, ೧೯೦೩ರಲ್ಲಿ, ನಗರವನ್ನು ಸುಧಾರಿಸುವುದಕ್ಕೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಕೋಟೆಯ ಸುತ್ತಿನ ಇಕ್ಕಟ್ಟಾದ ಕೇರಿಗಳನ್ನು ಸಡಿಲಿಸಿ, ಹೊರಗೆ ಅಗಲವಾದ ರಸ್ತೆಗಳ ಬಡಾವಣೆಗಳನ್ನು ಹಾಕಿ, ಗಾಳಿ ಆಡಲೆಂದು ಬಯಲು ಬಿಟ್ಟರು. ಆ ಬಯಲು ಯಾರದೋ ಔದಾರ್ಯದಿಂದ ಉಳಿದದ್ದಲ್ಲ. ನಕ್ಷೆಯ ಮೇಲೆ ಹಸಿರು ಬಣ್ಣ ಬಳಿದು, ಇದು ಯಾರಿಗೂ ಸಲ್ಲತಕ್ಕದ್ದಲ್ಲ ಎಂದು ಬರೆದದ್ದರಿಂದ ಉಳಿಯಿತು.

ಬರೆದದ್ದಷ್ಟರಿಂದಲೇ ಉಳಿಯುತ್ತದೆಂದೂ ಅಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಒಂದು ನಿವೇಶನವನ್ನು, ಮುಖ್ಯಮಂತ್ರಿಗಳ ನಿರ್ದೇಶನದ ಮೇಲೆ, ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟರು. ಆಸ್ಪತ್ರೆ ಒಳ್ಳೆಯದಲ್ಲವೆ, ಅದೂ ಜನರಿಗಾಗಿಯೇ ತಾನೆ, ಎಂಬುದು ಕೊಟ್ಟವರ ವಾದ. ಸುತ್ತಲಿನ ನಿವಾಸಿಗಳು ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು ೧೯೯೧ರಲ್ಲಿ ತೀರ್ಮಾನಿಸಿತು. ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಯಾರಿಗೂ ಇಲ್ಲ, ಅದರ ಬಗ್ಗೆ ಪ್ರಶ್ನೆ ಎತ್ತುವ ಹಕ್ಕು ಆ ಬಡಾವಣೆಯ ಜನರಿಗೆ ಇದ್ದೇ ಇದೆ ಎಂದಿತು. ಕಬ್ಬನ್ ಪಾರ್ಕು, ಲಾಲ್‌ಬಾಗುಗಳನ್ನು ಉಳಿಸಲು ೧೯೭೫ರಲ್ಲಿ ಒಂದು ಕಾಯಿದೆ, ಉಳಿದ ಊರುಗಳ ಉದ್ಯಾನ, ಆಟದ ಬಯಲು, ತೆರೆದ ಜಾಗಗಳಿಗಾಗಿ ೧೯೮೫ರಲ್ಲಿ ಇನ್ನೊಂದು ಕಾಯಿದೆ ನಮ್ಮಲ್ಲಿ ಬಂದಿವೆ. ಇವೆಲ್ಲ ಇರುವುದರಿಂದಲೇ ನಾನು ಸಂಜೆ ಐದು ಸುತ್ತು ಹಾಕುತ್ತಿದ್ದೇನೆ.

ಆದರೆ ನೋಡಿ, ಪಾರ್ಕನ್ನು ನುಂಗುವವರ ಮೇಲಿನ ನಿಯಮವೇ ಬೇರೆ, ಪಾರ್ಕಿನಲ್ಲಿ ಕೂರುವವರ ಮೇಲಿನ ನಿಯಮವೇ ಬೇರೆ. ಮೊದಲನೆಯದು ಕಡತದೊಳಗೆ ಇರುತ್ತದೆ, ಎರಡನೆಯದು ಬೋರ್ಡಿನ ಮೇಲೆ ಇರುತ್ತದೆ. ಈ ಪಾರ್ಕಿನ ವಿಸ್ತೀರ್ಣ ಇಷ್ಟು, ಎಲ್ಲೆ ಇಂಥದು, ಇದರ ಒಂದು ಅಡಿಯನ್ನೂ ಬೇರೆ ಯಾವುದಕ್ಕೂ ಕೊಡಲು ೧೯೮೫ರ ಕಾಯಿದೆ ಅಡ್ಡ ಬರುತ್ತದೆ ಎಂದು ಬರೆದ ಬೋರ್ಡನ್ನು ನಾನು ಯಾವ ಗೇಟಿನ ಪಕ್ಕದಲ್ಲಿಯೂ ಕಂಡಿಲ್ಲ. ಹೂವು ಕೀಳುವ ಮಗುವಿಗೆ ಎಚ್ಚರಿಕೆ ಉಂಟು, ಪಾರ್ಕನ್ನೇ ಕೀಳುವ ದೊಡ್ಡವರಿಗೆ ಇಲ್ಲ.

ಈ ಎರಡನೆಯ ಬಗೆಯ ನಿಯಮ ನಮ್ಮ ಕಡೆಗೆ ತಿರುಗಿದ್ದು ಹಿಂದಿನ ವರ್ಷದ ಶ್ರಾವಣದಲ್ಲಿ. ನಮ್ಮದೊಂದು ಸಣ್ಣ ಗುಂಪು. ಮೂವರು ನಿವೃತ್ತರು, ಔಷಧಿ ಅಂಗಡಿಯವರೊಬ್ಬರು, ನಾನು, ನನ್ನ ಸಹೋದ್ಯೋಗಿಯೊಬ್ಬರು, ನಾಲ್ಕೈದು ಮಂದಿ ಹೆಂಗಸರು. ಗಮಕ ಬಲ್ಲ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಶ್ರಾವಣದಲ್ಲಿ ಮನೆಯ ಪಡಸಾಲೆಯಲ್ಲಿ ಜೈಮಿನಿ ಭಾರತ ಓದಿಸುವ ರೂಢಿ ಮೈಸೂರು ಸೀಮೆಗೆ ಹೊಸದಲ್ಲ. ಈಗ ಪಡಸಾಲೆ ಇರುವ ಮನೆಗಳೇ ಕಡಿಮೆಯಾದುವು; ಇದ್ದರೂ ಅಲ್ಲಿ ದೂರದರ್ಶನದ ಪೆಟ್ಟಿಗೆ ಯಜಮಾನನಂತೆ ಕುಳಿತಿರುತ್ತದೆ. ಆದ್ದರಿಂದ ನಾಲ್ಕು ಶನಿವಾರ, ಸಂಜೆ ಐದರಿಂದ ಆರು, ಹೊಂಗೆಮರದ ಕೆಳಗೆ ಚಂದ್ರಹಾಸನ ಕಥೆಯನ್ನು ಓದಿಸೋಣ ಎಂದು ನಿಶ್ಚಯಿಸಿದೆವು. ನಮ್ಮಲ್ಲಿ ಒಬ್ಬರು ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಆಯುಷ್ಯ ಕಳೆದವರು. ಅವರಿಗೆ ಬೋರ್ಡಿನ ಒಂಬತ್ತನೆಯ ಸಾಲು ಕಣ್ಣಿಗೆ ಬಿತ್ತು. ಪೂರ್ವಾನುಮತಿ ಇಲ್ಲದೆ ಕೂಡದು, ಎಂದರು.

ಅನುಮತಿಗಾಗಿ ನಾವು ಹೋದ ಕಚೇರಿ ಯಾವುದೆಂಬುದು ಬೇಡ. ಎಲ್ಲ ಕಚೇರಿಗಳೂ ಒಂದೇ ತಾಯಿಯ ಮಕ್ಕಳು. ಅಲ್ಲಿಯ ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟರು. ಅಚ್ಚು ಹಾಕಿದ ಒಂದು ನಮೂನೆಯನ್ನು ಮುಂದಿಟ್ಟರು. ಕಾರ್ಯಕ್ರಮದ ಸ್ವರೂಪ: ವಿವಾಹ, ಆರತಕ್ಷತೆ, ರಾಜಕೀಯ, ಧಾರ್ಮಿಕ, ವಸ್ತುಪ್ರದರ್ಶನ, ಇತರೆ. ಲಕ್ಷ್ಮೀಶ ಕವಿಯ ಕಾವ್ಯ ಧಾರ್ಮಿಕವೋ ಅಲ್ಲವೋ ಎಂಬ ವಿಷಯದಲ್ಲಿ ನಮ್ಮ ನಮ್ಮಲ್ಲೇ ಅಲ್ಲಿಯೇ ಒಂದು ವಿಚಾರಗೋಷ್ಠಿ ಆಗುವುದರಲ್ಲಿತ್ತು. ಧಾರ್ಮಿಕವೆಂದರೆ ಪೊಲೀಸರ ಒಪ್ಪಿಗೆ ಪತ್ರ ಬೇಕೆಂದು ತಿಳಿದ ಮೇಲೆ ಗೋಷ್ಠಿ ಮುಗಿಯಿತು. ನಾವು “ಇತರೆ” ಆದೆವು. ಮುಂದೆ ಶಾಮಿಯಾನದ ಅಳತೆ, ಧ್ವನಿವರ್ಧಕದ ಸಂಖ್ಯೆ, ಮುಂಗಡ ಠೇವಣಿ.

“ಧ್ವನಿವರ್ಧಕ ಇಲ್ಲ” ಎಂದೆ.

“ಮೈಕಿಲ್ಲದೆ ಕಾರ್ಯಕ್ರಮ ಹೇಗಾಗುತ್ತೆ ಸಾರ್?”

“ಒಬ್ಬರು ಓದುತ್ತಾರೆ, ಹತ್ತು ಜನ ಕೇಳುತ್ತೇವೆ.”

ಗುಮಾಸ್ತರು ಪೆನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ನಮ್ಮನ್ನೆಲ್ಲ ನೋಡಿ, ಮನೆಯವರಂತೆ ದನಿ ತಗ್ಗಿಸಿ ಹೇಳಿದರು: “ಮೇಷ್ಟ್ರೆ, ಬೇಜಾರು ಮಾಡ್ಕೋಬೇಡಿ. ಇದನ್ನ ಹಿಂದಕ್ಕೆ ತಗೊಂಡು ಹೋಗಿ. ನೀವು ಸುಮ್ಮನೆ ಹೋಗಿ ಕೂತು ಓದ್ಕೊಂಡಿದ್ರೆ ಯಾರೂ ಕೇಳೋಲ್ಲ. ಅರ್ಜಿ ಅಂತ ಕೊಟ್ಟರೆ ನಾನು ಉತ್ತರ ಬರೀಬೇಕಾಗುತ್ತೆ.”

ಇದು ಅನುಭವದ ಮಾತು. ನಮ್ಮ ದೇಶದಲ್ಲಿ ಎಷ್ಟೋ ವಿಷಯಗಳಲ್ಲಿ ನಿಷೇಧವು ಹುಟ್ಟುವುದೇ ಅನುಮತಿ ಕೇಳಿದ ಗಳಿಗೆಯಲ್ಲಿ. ಕೇಳದೆ ಮಾಡಿದವನು ಬಚಾವಾಗುತ್ತಾನೆ, ಕೇಳಿದವನು ಕಡತವಾಗುತ್ತಾನೆ. ಆದರೂ ಗುಮಾಸ್ತರ ಮಾತಿನಲ್ಲಿ ಒಂದು ಮುಳ್ಳಿತ್ತು. ಯಾರೂ ಕೇಳೋಲ್ಲ ಎಂದರಲ್ಲ, ಯಾರನ್ನು ಕೇಳುವುದಿಲ್ಲ? ಅದು ಆಗ ನನಗೆ ಚುಚ್ಚಲಿಲ್ಲ, ಆಮೇಲೆ ಚುಚ್ಚಿತು.

ಹತ್ತು ಜನರ ಗಮಕಕ್ಕೂ ಸಾವಿರ ಜನರ ಸಭೆಗೂ ಒಂದೇ ನಮೂನೆ ಎಂಬ ತೊಡಕು ನಮ್ಮ ಬೀದಿಯದಷ್ಟೇ ಅಲ್ಲ. ಬೆಂಗಳೂರಿನಲ್ಲಿ ೨೦೨೩ರಿಂದ ಯುವಕ ಯುವತಿಯರು ಶನಿವಾರದ ಹೊತ್ತು ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ, ಪರಸ್ಪರ ಮಾತನಾಡದೆ, ತಮತಮಗೆ ಬೇಕಾದ ಪುಸ್ತಕ ಓದುವ ಪದ್ಧತಿಯೊಂದು ಶುರುವಾಯಿತು. ಪುಸ್ತಕ ಹಿಡಿಯುವುದೇ ಅಪರೂಪವಾದ ಕಾಲದಲ್ಲಿ ಇದೊಂದು ಸೋಜಿಗವೆಂದು ಪತ್ರಿಕೆಗಳೆಲ್ಲ ಬರೆದುವು. ೨೦೨೪ರ ಡಿಸೆಂಬರಿನಲ್ಲಿ ಅದೇ ಬಳಗದವರು ಉಡುಗೊರೆ ವಿನಿಮಯದ ದೊಡ್ಡ ಕೂಟವನ್ನು ಅನುಮತಿಯಿಲ್ಲದೆ ನಡೆಸಿದರೆಂದು ತೋಟಗಾರಿಕೆ ಇಲಾಖೆ ದಂಡ ವಿಧಿಸಿತು. ಇಲಾಖೆಯ ಕಡೆಯೂ ನ್ಯಾಯ ಇಲ್ಲದಿಲ್ಲ. ಭಾರಿ ಗುಂಪು ಬಂದು ಹೋದ ಮೇಲೆ ಹುಲ್ಲು ಏನಾಗುತ್ತದೆ, ಕಸ ಎಷ್ಟಾಗುತ್ತದೆ ಎಂಬುದು ಗುಡಿಸುವವರಿಗೆ ಗೊತ್ತು. ತೊಡಕಿರುವುದು ಗೆರೆ ಎಳೆಯುವಲ್ಲಿ. ಹತ್ತು ಜನ ಸೇರಿದರೆ ಗೆಳೆತನ, ಸಾವಿರವಾದರೆ ಸಮಾರಂಭ, ಸರಿಯೆ. ನಡುವೆ ಎಲ್ಲಿಂದ ಅನುಮತಿ ಶುರುವಾಗುತ್ತದೆ ಎಂಬುದನ್ನು ಬೋರ್ಡು ಹೇಳಬೇಕು. ಹೇಳದಿದ್ದರೆ ಅದು ಅಂದು ಗೇಟಿನಲ್ಲಿ ನಿಂತವರ ಮರ್ಜಿ.

ಮರ್ಜಿಯ ಮೇಲೆ ಇದನ್ನು ಬಿಡಬಾರದೆಂದು ಸುಪ್ರೀಂ ಕೋರ್ಟು ೧೯೭೨ರಷ್ಟು ಹಿಂದೆಯೇ ಹೇಳಿದೆ. ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಎಂಬವರಿಗೆ ಬೀದಿಯಲ್ಲಿ ಸಭೆ ಸೇರಿಸಲು ಪೊಲೀಸ್ ಕಮಿಷನರು ಅನುಮತಿ ಕೊಡಲಿಲ್ಲ. ಐವರು ನ್ಯಾಯಾಧೀಶರ ಪೀಠದ ತೀರ್ಪಿನ ಸಾರ ಇಷ್ಟು: ಸಭೆಯನ್ನು ಕ್ರಮಪಡಿಸುವ ನಿಯಮ ಇರಬಹುದು, ಆದರೆ ಯಾವ ಕಾರಣಕ್ಕೆ ಕೊಡಬೇಕು, ಯಾವ ಕಾರಣಕ್ಕೆ ನಿರಾಕರಿಸಬೇಕು ಎಂಬ ಗೊತ್ತುಗುರಿಯಿಲ್ಲದೆ ಅಧಿಕಾರಿಯ ಇಚ್ಛೆಗೆ ಬಿಟ್ಟ ನಿಯಮವು ಶಾಂತಿಯಿಂದ ಒಟ್ಟುಗೂಡುವ ಹಕ್ಕಿಗೆ ವಿರುದ್ಧ. ಲಂಡನ್ನಿನವರು ಈ ಪಾಠವನ್ನು ಇನ್ನೂ ಗಲಾಟೆಯಿಂದ ಕಲಿತರು. ಮತದಾನದ ಹಕ್ಕು ಕೇಳುವ ಸಭೆಯೊಂದಕ್ಕೆ ೧೮೬೬ರಲ್ಲಿ ಹೈಡ್ ಪಾರ್ಕಿನ ಗೇಟುಗಳಿಗೆ ಬೀಗ ಹಾಕಿದರು. ಜನ ಕಬ್ಬಿಣದ ಬೇಲಿಯನ್ನೇ ಕಿತ್ತು ಒಳಗೆ ನುಗ್ಗಿದರು. ೧೮೭೨ರಲ್ಲಿ ಕಾಯಿದೆಯಾಗಿ, ಅದೇ ಪಾರ್ಕಿನ ಒಂದು ಮೂಲೆ ಜಗತ್ತಿಗೆಲ್ಲ ಹೆಸರಾದ ಮಾತಿನ ಮೂಲೆಯಾಯಿತು.

ಅಷ್ಟು ದೂರ ಯಾಕೆ? ನಮ್ಮ ಬಡಾವಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸುಬ್ಬರಾಯನ ಕೆರೆ ಇದೆ. ಹೆಸರಿಗೆ ಕೆರೆ, ಈಗ ಸ್ವಾತಂತ್ರ್ಯ ಹೋರಾಟಗಾರರ ಉದ್ಯಾನ. ಚಳವಳಿಯ ಕಾಲದಲ್ಲಿ ಮೈಸೂರಿನವರು ಭಾಷಣ ಕೇಳಲು ನೆರೆಯುತ್ತಿದ್ದ ಬಯಲು ಅದು. ಇತ್ತ ರಾಮಸ್ವಾಮಿ ವೃತ್ತ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ೧೯೪೭ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ನಡೆಯಿತಲ್ಲ, ಆಗ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ಸೇರಕೂಡದು ಎಂದಲ್ಲಿ ಸೇರಿದವರ ಹೆಸರನ್ನೇ ಆಮೇಲೆ ನಾವು ವೃತ್ತಕ್ಕೂ ಪಾರ್ಕಿಗೂ ಇಟ್ಟುಕೊಳ್ಳುತ್ತೇವೆ.

ಇರಲಿ, ನಮ್ಮ ಶ್ರಾವಣಕ್ಕೆ ಬರುತ್ತೇನೆ. ಗುಮಾಸ್ತರು ಹೇಳಿದಂತೆಯೇ ಆಯಿತು. ಮೊದಲನೆಯ ಶನಿವಾರ ಹೋಗಿ ಕುಳಿತೆವು, ಯಾರೂ ಕೇಳಲಿಲ್ಲ. ಎರಡನೆಯ ಶನಿವಾರ ಕಾವಲುಗಾರನೇ ಬೆಂಚು ಒರೆಸಿ ಇಟ್ಟಿದ್ದ. ಗಮಕಿಗಳಿಗೆ ಗಂಟಲು ಒಣಗುತ್ತದೆಂದು ಔಷಧಿ ಅಂಗಡಿಯವರು ಫ್ಲಾಸ್ಕಿನಲ್ಲಿ ಬಿಸಿಹಾಲು ತಂದರು. ತಿಂಡಿ ತಿನಿಸು ನಿಷೇಧಿಸಲಾಗಿದೆ ಎಂಬ ಸಾಲಿನ ಕೆಳಗೇ ಅದನ್ನು ಕುಡಿದದ್ದಾಯಿತು.

ಮೂರನೆಯ ಶನಿವಾರ ಕಾಲೇಜು ಬೇಗ ಬಿಟ್ಟಿತು. ಹನ್ನೆರಡೂವರೆಯ ಬಿಸಿಲಿನಲ್ಲಿ ಮನೆಗೆ ಬರುತ್ತಿದ್ದೆ. ಪಾರ್ಕಿನ ಗೇಟಿನ ಹೊರಗೆ, ಬೇಲಿಗೆ ಒರಗಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಒಬ್ಬಾಕೆ ಕುಳಿತಿದ್ದಳು. ಅವಳನ್ನು ನಾನು ಬಲ್ಲೆ. ನಮ್ಮ ಬೀದಿಯವರೆಲ್ಲ ಬಲ್ಲರು. ನಂಜನಗೂಡಿನ ಕಡೆಯಿಂದ ಬೆಳಗಿನ ಪ್ಯಾಸೆಂಜರು ಗಾಡಿಯಲ್ಲಿ ಬಂದು, ಚಾಮರಾಜಪುರಂನಲ್ಲಿ ಇಳಿದು, ಬುಟ್ಟಿ ಹೊತ್ತು ಮನೆ ಮನೆಗೆ ದಂಟು, ಕೀರೆ, ಸಬ್ಬಸಿಗೆ ಮಾರುವವಳು. ಹನ್ನೊಂದರ ಹೊತ್ತಿಗೆ ಸೊಪ್ಪು ಮುಗಿಯುತ್ತದೆ. ಹಿಂದಿರುಗುವ ಗಾಡಿಗೆ ಇನ್ನೂ ಬಹಳ ಹೊತ್ತು ಇರುತ್ತದೆ. ಹೊಂಗೆಯ ನೆರಳು ಬೇಲಿಯ ಒಳಗೆ ದಟ್ಟವಾಗಿ ಬಿದ್ದಿತ್ತು. ಹೊರಗೆ ಅವಳಿಗೆ ದಕ್ಕಿದ್ದು ಒಂದು ಗೇಣು.

“ಯಾಕವ್ವ ಇಲ್ಲಿ ಕೂತಿದ್ದೀ?” ಎಂದೆ.

“ಒಳಗೆ ಬಿಡಾಕಿಲ್ಲ ಸಾಮಿ.”

“ನಾಲ್ಕು ಗಂಟೆಗೆ ತೆಗೀತಾರಂತೆ. ಬೋರ್ಡು ಹಾಕಿದ್ದಾರಲ್ಲ.”

ಅವಳು ಬೋರ್ಡಿನ ಕಡೆಗೆ ತಿರುಗಿಯೂ ನೋಡಲಿಲ್ಲ. “ಬೋಲ್ಡು ಓದಕ್ಕೆ ನಮಗೆಲ್ಲಿ ಬತ್ತದೆ ಸಾಮಿ? ಬೀಗ ಓದಕ್ಕೆ ಬತ್ತದೆ” ಎಂದಳು. ವ್ಯಂಗ್ಯವಾಗಿ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಕಾವಲುಗಾರ ಒಳಗೆ ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದ. ಗುತ್ತಿಗೆಯ ಮೇಲೆ ದುಡಿಯುವ ಮನುಷ್ಯ, ಸಂಬಳ ಬಂದ ತಿಂಗಳು ಬಂತು ಬಾರದ ತಿಂಗಳು ಇಲ್ಲ. ನನ್ನನ್ನು ಕಂಡ ಕೂಡಲೆ ಎದ್ದು ಬಂದು, “ಏನ್ ಸಾರ್, ನೆನ್ನೆ ಏನಾದರೂ ಮರೆತು ಹೋದಿರಾ? ಗೇಟು ತೆಗೀಲಾ?” ಎಂದು ಕೇಳಿದ. ಬೀಗದ ಕೈ ಆಗಲೇ ಅವನ ಕೈಗೆ ಬಂದಿತ್ತು. ವೇಳೆಯ ನಿಯಮ ನನಗೂ ಆಕೆಗೂ ಒಂದೇ, 10ರಿಂದ ೪. ಆದರೆ ನನ್ನ ಅಂಗಿಯ ಇಸ್ತ್ರಿಯೇ ನನ್ನ ಅನುಮತಿ ಪತ್ರ. ಯಾವ ನಮೂನೆಯನ್ನೂ ತುಂಬದೆ, ಯಾವ ಠೇವಣಿಯನ್ನೂ ಕಟ್ಟದೆ ಅದು ನನಗೆ ದೊರಕಿದೆ. ಗುಮಾಸ್ತರ ಮಾತು ಚುಚ್ಚಿದ್ದು ಆಗ.

“ಆಕೆಯನ್ನೂ ಬಿಡಬಹುದಲ್ಲ” ಎಂದೆ.

ಅವನು ಕೆಟ್ಟವನಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಮಾತನ್ನು ನಾನು ಆಡಳಿತದ ಮೇಲಿನ ಯಾವ ಗ್ರಂಥದಲ್ಲಿಯೂ ಓದಿಲ್ಲ: “ನಾನೇನ್ ಮಾಡ್ಲಿ ಸಾರ್. ತೆಗೆದಿದ್ರೆ ಯಾಕಯ್ಯ ತೆಗೆದೆ ಅಂತ ಕೇಳೋರು ಹತ್ತು ಜನ ಇದ್ದಾರೆ. ಬೀಗ ಹಾಕಿದ್ರೆ ಯಾಕಯ್ಯ ಹಾಕಿದೆ ಅಂತ ಇದುವರೆಗೂ ಒಬ್ಬರೂ ಕೇಳಿಲ್ಲ.”

ಹಗಲು ಹತ್ತರಿಂದ ನಾಲ್ಕರವರೆಗೆ ಪಾರ್ಕು ಮುಚ್ಚುವುದಕ್ಕೆ ಹೇಳುವ ಕಾರಣಗಳನ್ನು ನಾನು ಕೇಳಿಬಲ್ಲೆ. ಕಾಲೇಜು ತಪ್ಪಿಸಿದ ಹುಡುಗ ಹುಡುಗಿಯರು ಬರುತ್ತಾರೆ, ಕುಡುಕರು ಬರುತ್ತಾರೆ, ಕೆಲಸವಿಲ್ಲದವರು ಬಂದು ಮಲಗುತ್ತಾರೆ, ಮಾಲಿಗೆ ನೀರು ಹಾಯಿಸಲು ಆಗುವುದಿಲ್ಲ. ಕೊನೆಯದೊಂದನ್ನು ಬಿಟ್ಟರೆ ಮಿಕ್ಕವೆಲ್ಲ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿರುವವರ ಕಾರಣಗಳು. ನಮಗೆ ಪಾರ್ಕು ಬೇಕಾಗುವುದು ಬೆಳಿಗ್ಗೆ ಸಕ್ಕರೆ ಕಾಯಿಲೆಗೆ, ಸಂಜೆ ಹರಟೆಗೆ. ಆ ವೇಳೆಗೆ ಸರಿಯಾಗಿ ಗೇಟು ತೆರೆದಿರುತ್ತದೆ. ನಡುಹಗಲಿನಲ್ಲಿ ನೆರಳು ಬೇಕಾಗುವುದು ಸೊಪ್ಪಿನವಳಿಗೆ, ಮನೆಗೆಲಸದ ಎರಡು ಮನೆಗಳ ನಡುವೆ ಬಿಡುವಿರುವವಳಿಗೆ, ಊರೂರು ಸುತ್ತುವ ಔಷಧಿ ಕಂಪೆನಿಯ ಹುಡುಗನಿಗೆ, ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆತಂದು ಚೀಟಿಗಾಗಿ ಕಾಯುವ ಹಳ್ಳಿಯವನಿಗೆ. ಪಾರ್ಕು ಎಂಬ ಪದ ನಮ್ಮಲ್ಲಿಗೆ ಬರುವ ಮೊದಲು ಇವರಿಗೆಲ್ಲ ಗುಂಡುತೋಪು ಇತ್ತು. ಹಳೆಯ ಮೈಸೂರಿನ ಹಳ್ಳಿ ಹಳ್ಳಿಯ ಹೊರಗೆ ಹುಣಿಸೆ, ಮಾವು, ಹಿಪ್ಪೆ ಬೆಳೆಸಿ ಎಲ್ಲರಿಗೂ ಸೇರಿದ್ದೆಂದು ಬಿಟ್ಟ ತೋಪು. ದಾರಿಗನೂ ದನವೂ ಅಲ್ಲಿ ಮಧ್ಯಾಹ್ನ ಮಲಗಲೆಂದೇ ಅದು ಇದ್ದದ್ದು. ಕಂದಾಯದ ದಾಖಲೆಗಳಲ್ಲಿ ಆ ಹೆಸರು ಈಗಲೂ ಉಂಟು.

ಹಗಲು ತೆರೆದಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ. ಬೆಂಗಳೂರಿನ ಅನೇಕ ಪಾರ್ಕುಗಳಿಗೂ ಹೀಗೆಯೇ ಹಗಲು ಬೀಗ ಬೀಳುತ್ತಿತ್ತು. ೨೦೨೪ರಲ್ಲಿ ಅಲ್ಲಿಯ ಆಗಿನ ಮಹಾನಗರಪಾಲಿಕೆ ತನ್ನ ಪಾರ್ಕುಗಳನ್ನು ಬೆಳಿಗ್ಗೆ ೫ರಿಂದ ರಾತ್ರಿ ೧೦ರವರೆಗೆ ಎಡೆಬಿಡದೆ ತೆರೆದಿಡಬೇಕೆಂದು ತೀರ್ಮಾನಿಸಿತು.

ಅಂದು ಸಂಜೆಯ ವಾಚನದಲ್ಲಿ ಚಂದ್ರಹಾಸ ಕುಂತಳಪುರದ ಹೊರಗಿನ ಉಪವನಕ್ಕೆ ಬಂದ. ಕಥೆ ನಿಮಗೆ ಗೊತ್ತಿದೆ. ದುಷ್ಟಬುದ್ಧಿ ತನ್ನ ಮಗನಿಗೆ ಬರೆದ ಪತ್ರವನ್ನು ಹೊತ್ತು ಹುಡುಗ ದಾರಿ ನಡೆದು ಬಂದಿದ್ದಾನೆ. ಬಂದವನಿಗೆ ವಿಷ ಕೊಡು ಎಂದು ಅದರಲ್ಲಿದೆ, ಅವನಿಗೆ ತಿಳಿಯದು. ದಣಿದವನು ಮರದ ನೆರಳಿನಲ್ಲಿ ಮಲಗಿ ನಿದ್ದೆಹೋಗುತ್ತಾನೆ. ವನವಿಹಾರಕ್ಕೆ ಬಂದ ಮಂತ್ರಿಯ ಮಗಳು ವಿಷಯೆ ಅವನನ್ನು ಕಂಡು, ಪತ್ರ ಬಿಚ್ಚಿ ಓದಿ, ಕಣ್ಣಿನ ಕಾಡಿಗೆಯಿಂದ ವಿಷವನ್ನು ವಿಷಯೆ ಎಂದು ತಿದ್ದುತ್ತಾಳೆ. ಲೋಕದಲ್ಲಿ ಕಡತವೊಂದನ್ನು ಇಷ್ಟು ಚೆನ್ನಾಗಿ ತಿದ್ದಿದ ಇನ್ನೊಬ್ಬರಿಲ್ಲ.

ವಾಚನ ಮುಗಿದ ಮೇಲೆ ಮಧ್ಯಾಹ್ನದ ವಿಷಯವನ್ನು ಗುಂಪಿನ ಮುಂದಿಟ್ಟೆ. ನಮ್ಮ ಅಕೌಂಟೆಂಟ್ ಜನರಲ್ ಕಚೇರಿಯ ಹಿರಿಯರು ಒಪ್ಪಲಿಲ್ಲ. “ಮೇಷ್ಟ್ರೆ, ಇವತ್ತು ಒಬ್ಬಳು ಬರ್ತಾಳೆ, ನಾಳೆ ಹತ್ತು ಜನ ಬಂದು ಕಾಲು ಚಾಚಿ ಮಲಗ್ತಾರೆ. ಪಾರ್ಕು ಛತ್ರ ಆಗುತ್ತೆ” ಎಂದರು. ಇಬ್ಬರು ತಲೆ ಆಡಿಸಿದರು. ಮೂಲೆಯ ಬೆಂಚಿನಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿಯೊಬ್ಬರು, ಕೈಯ ಕೆಲಸ ನಿಲ್ಲಿಸದೆಯೇ, “ಹೌದು ಕಣಪ್ಪ, ಆ ಚಂದ್ರಹಾಸನ್ನೂ ಎಬ್ಬಿಸಿ ಆಚೆಗೆ ಕಳಿಸಬೇಕಾಗಿತ್ತು” ಎಂದರು. ಗಮಕಿಗಳು ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದವರು ನಕ್ಕುಬಿಟ್ಟರು. ಹಿರಿಯರು ನಗಲಿಲ್ಲ, ಆದರೆ ಮರುದಿನ ನಾನು ಬರೆದುಕೊಂಡು ಹೋದ ಅರ್ಜಿಗೆ ಕಾಲಂ ಬಿಡದೆ ಪೂರ್ತಿ ವಿಳಾಸದೊಡನೆ ಸಹಿ ಹಾಕಿದರು.

ಅರ್ಜಿಯನ್ನು ಕೊಟ್ಟು ಈಗ ವರ್ಷವಾಗುತ್ತ ಬಂತು. ಹಗಲು ಗೇಟು ತೆರೆದಿಡಬೇಕು, ಮಲಗಬಾರದೆಂಬ ಸಾಲನ್ನು ತೆಗೆಯಬೇಕು, ಎಷ್ಟು ಜನ ಸೇರಿದರೆ ಅನುಮತಿ ಬೇಕು ಎಂಬುದನ್ನು ಸಂಖ್ಯೆಯಲ್ಲಿ ಬರೆಯಬೇಕು, ಕೊಡುವವರು ಯಾರು, ಎಷ್ಟು ದಿನದಲ್ಲಿ ಎಂದೂ ಬರೆಯಬೇಕು. ಇಷ್ಟೇ ನಾವು ಕೇಳಿದ್ದು. ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿದೆ. ಯಾರು ಪರಿಶೀಲಿಸುತ್ತಾರೆಂಬುದು ವ್ಯಾಕರಣದ ದೃಷ್ಟಿಯಿಂದ ಇನ್ನೂ ತಿಳಿಯಬೇಕಾಗಿದೆ.

ಈ ನಡುವೆ ಕಾವಲುಗಾರ ತಾನಾಗಿಯೇ ಒಂದು ದಾರಿ ಕಂಡುಕೊಂಡಿದ್ದಾನೆ. ದೊಡ್ಡ ಗೇಟಿಗೆ ಬೀಗ ಹಾಕಿರುತ್ತಾನೆ, ಹಿಂದಿನ ಕಿರುಬಾಗಿಲಿಗೆ ಚಿಲಕ ಮಾತ್ರ. ಸೊಪ್ಪಿನವಳು ಅದನ್ನು ಸರಿಸಿಕೊಂಡು ಬಂದು ಹೊಂಗೆಯ ಬುಡದಲ್ಲಿ ಕೂರುತ್ತಾಳೆ, ಒಮ್ಮೊಮ್ಮೆ ತೋಳನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾಳೆ. ಬುಟ್ಟಿಯನ್ನು ಮಾತ್ರ ಅವನು ಒಳಕ್ಕೆ ಬಿಡುವುದಿಲ್ಲ. ವ್ಯಾಪಾರ ನಿಷೇಧಿಸಲಾಗಿದೆಯಷ್ಟೆ, ಯಾರಾದರೂ ಕಂಡರೆ ತನ್ನ ಕೆಲಸಕ್ಕೆ ಸಂಚಕಾರ ಎನ್ನುತ್ತಾನೆ. ಹಾಗಾಗಿ ಖಾಲಿ ಬುಟ್ಟಿ ಬೇಲಿಯ ಹೊರಗೆ ಬಿಸಿಲಿನಲ್ಲಿರುತ್ತದೆ, ಅವಳು ಬೇಲಿಯ ಒಳಗೆ, ಬುಟ್ಟಿ ಕಣ್ಣಿಗೆ ಬೀಳುವ ಕಡೆಗೆ ಮುಖ ಮಾಡಿಕೊಂಡು, ಗಾಡಿಯ ಹೊತ್ತಿಗೆ ಕಾಯುತ್ತಾಳೆ.